ಕೇಳಿದ ಮಾತನ್ನು ನಂಬುವ ಮೊದಲು ತೂಗಿ ನೋಡುವ ಬಗೆ

ನೀವು ಹುಟ್ಟಿದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳುತ್ತೀರಿ. ಅದು ನಿಮಗೆ ಹೇಗೆ ಗೊತ್ತು? ಅಮ್ಮ ಹೇಳಿದ್ದು, ಇಲ್ಲವೇ ಯಾವುದೋ ದಾಖಲೆಯಲ್ಲಿ ಬರೆದದ್ದು. ಹೃದಯ ರಕ್ತವನ್ನು ಮೈಗೆಲ್ಲ ತಳ್ಳುತ್ತದೆ, ದಕ್ಷಿಣ ಧ್ರುವದಲ್ಲಿ ಹಿಮ ಇದೆ, ಶ್ರವಣಬೆಳಗೊಳದ ಗೊಮ್ಮಟನನ್ನು ಹತ್ತನೇ ಶತಮಾನದಲ್ಲಿ ಚಾವುಂಡರಾಯ ಮಾಡಿಸಿದ. ಇವೆಲ್ಲ ನಮಗೆ ಚೆನ್ನಾಗಿ ಗೊತ್ತು, ಆದರೆ ಒಂದನ್ನೂ ನಾವು ನೋಡಿಲ್ಲ. “ಕಣ್ಣಾರೆ ಕಂಡರೆ ಮಾತ್ರ ನಂಬ್ತೀನಿ” ಎನ್ನುವವರು ಆ ಮಾತಿನಂತೆ ನಡೆದರೆ ಅವರಿಗೆ ಹುಟ್ಟಿದ ದಿನವೂ ಉಳಿಯುವುದಿಲ್ಲ.

ಹಾಗಾಗಿ ಬೇರೆಯವರ ಮಾತನ್ನು ನಂಬಬೇಕೋ ಬೇಡವೋ ಎಂಬುದು ನಿಜವಾದ ಪ್ರಶ್ನೆಯೇ ಅಲ್ಲ. ನಂಬದೆ ಒಂದು ದಿನವೂ ಬದುಕಲಾಗದು. ಯಾರ ಮಾತನ್ನು, ಯಾವ ವಿಷಯದಲ್ಲಿ, ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೇ ಪ್ರಶ್ನೆ. ಇದು ಕಲಿಯಬಹುದಾದ ಕೆಲಸ. ತರ್ಕವನ್ನೇ ಮುಖ್ಯವಾಗಿ ಹಿಡಿದ ನಮ್ಮ ನೈಯಾಯಿಕರು, ವೇದವಾಕ್ಯಗಳ ಅರ್ಥ ವಿಚಾರಿಸಿದ ಮೀಮಾಂಸಕರು, ಬೌದ್ಧರು, ಜೈನರು ಇದರ ಮೇಲೆ ಸಾವಿರಾರು ವರ್ಷ ಜಗಳವಾಡಿದ್ದಾರೆ. ಪಶ್ಚಿಮದವರೂ ಆಡಿದ್ದಾರೆ. ಆ ಜಗಳದಲ್ಲಿ ಹುಟ್ಟಿದ ಒಳ್ಳೆಯ ಪ್ರಶ್ನೆಗಳು ಇವತ್ತು ಫೋನ್ ಹಿಡಿದು ಕೂತ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಅವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಮಾತನ್ನು ಬಿಡಿಸಿ

ಉದಾಹರಣೆಗೆ ಒಂದು ಸಂದೇಶ ಇಟ್ಟುಕೊಳ್ಳೋಣ. ಇದರ ಒಂದಲ್ಲ ಒಂದು ರೂಪ ನಿಮಗೂ ಬಂದಿರುತ್ತದೆ: “ರಾತ್ರಿ ಎರಡು ಬೆಂಡೆಕಾಯಿ ಸೀಳಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಆ ನೀರು ಕುಡಿಯಿರಿ. ಶುಗರ್ ಬುಡಸಮೇತ ಹೋಗುತ್ತದೆ. ಮಾತ್ರೆ, ಇನ್ಸುಲಿನ್ ಯಾವುದೂ ಬೇಡ. ಅಮೆರಿಕದ ವಿಜ್ಞಾನಿಗಳೇ ಒಪ್ಪಿದ್ದಾರೆ. ಎಲ್ಲರಿಗೂ ಕಳಿಸಿ.”

ನೋಡಲು ಒಂದೇ ಮಾತು, ಒಳಗೆ ಇರುವುದು ನಾಲ್ಕು. ಈ ನೀರು ಕುಡಿದರೆ ತೊಂದರೆ ಇಲ್ಲ. ಕುಡಿದರೆ ಸಕ್ಕರೆ ಸ್ವಲ್ಪ ಇಳಿಯಬಹುದು. ಕುಡಿದರೆ ಕಾಯಿಲೆಯೇ ವಾಸಿಯಾಗುತ್ತದೆ. ಆದ್ದರಿಂದ ಮಾತ್ರೆ ಬಿಡಬಹುದು. ಮೊದಲನೆಯದು ಬಹುಪಾಲು ಜನರ ಮಟ್ಟಿಗೆ ಸರಿ, ಬೆಂಡೆಕಾಯಿ ನಾವು ದಿನಾ ತಿನ್ನುವ ತರಕಾರಿ. ಎರಡನೆಯದು ಅಸಾಧ್ಯವೇನಲ್ಲ. ಬೆಂಡೆಕಾಯಿಯ ಲೋಳೆಯಲ್ಲಿ ನೀರಿಗೆ ಬಿಡುವ ನಾರಿನಂಶ ಇದೆ, ಅಂಥ ನಾರು ಊಟವಾದ ಮೇಲೆ ಸಕ್ಕರೆ ಏರುವ ವೇಗವನ್ನು ತಗ್ಗಿಸಬಲ್ಲದು. ಮೂರನೆಯದು ಬಹಳ ದೊಡ್ಡ ಮಾತು. ನಾಲ್ಕನೆಯದು ಜೀವಕ್ಕೆ ಸಂಬಂಧಿಸಿದ್ದು.

ಇಂಥ ಸಂದೇಶಗಳು ಓಡುವುದು ಹೀಗೆಯೇ. ಮೊದಲ ಎರಡು ಮಾತಿಗೆ ನಾವು ತಲೆಯಾಡಿಸುತ್ತೇವೆ. ಅದೇ ಗುಂಗಿನಲ್ಲಿ ಉಳಿದ ಎರಡಕ್ಕೂ ಆಡಿಸಿಬಿಡುತ್ತೇವೆ. ಒಂದು ಕಾಗದ ತೆಗೆದುಕೊಂಡು ಮಾತುಗಳನ್ನು ಒಂದರ ಕೆಳಗೆ ಒಂದು ಬರೆದರೆ ಈ ಜಾರುವಿಕೆ ನಿಂತುಹೋಗುತ್ತದೆ. ಪ್ರತಿ ಸಾಲಿಗೂ ಬೇರೆ ಬೇರೆ ಸಾಕ್ಷಿ ಕೇಳಿ.

ಹೆಜ್ಜೆ 2: ಯಾವ ದಾರಿಯಲ್ಲಿ ತಿಳಿಯಿತು?

ತಿಳಿವಳಿಕೆ ಬರುವ ದಾರಿಗೆ ನಮ್ಮವರು ಪ್ರಮಾಣ ಎಂದರು. ದಾರಿಗಳು ಎಷ್ಟು ಎಂಬುದರಲ್ಲಿ ಒಮ್ಮತ ಇರಲಿಲ್ಲ. ಚಾರ್ವಾಕರು ಕಣ್ಣು ಕಿವಿಗೆ ಸಿಕ್ಕಿದ್ದು, ಅಂದರೆ ಪ್ರತ್ಯಕ್ಷ ಒಂದನ್ನೇ ಒಪ್ಪಿದರು. ಬೌದ್ಧ ತರ್ಕದವರು ಅನುಮಾನವನ್ನು, ಅಂದರೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದನ್ನು ಸೇರಿಸಿ ಎರಡು ಎಂದರು. ಸಾಂಖ್ಯರು ಬಲ್ಲವರ ಮಾತನ್ನು ಸೇರಿಸಿದರು. ನೈಯಾಯಿಕರು ಹೋಲಿಕೆಯಿಂದ ತಿಳಿಯುವುದನ್ನೂ ಸೇರಿಸಿ ನಾಲ್ಕು ಮಾಡಿದರು. ಭಾಟ್ಟ ಮೀಮಾಂಸಕರಲ್ಲೂ (ಕುಮಾರಿಲ ಭಟ್ಟನ ದಾರಿ ಹಿಡಿದವರು) ಅದ್ವೈತಿಗಳಲ್ಲೂ ಅದು ಆರಕ್ಕೆ ಹೋಯಿತು.

ನಮಗೆ ಈ ಲೆಕ್ಕ ಮುಖ್ಯವಲ್ಲ. ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದನ್ನು ನಾನು ನೋಡಿದೆನೋ, ಊಹಿಸಿದೆನೋ, ಕೇಳಿದೆನೋ? “ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ” ಎನ್ನುತ್ತೇವೆ. ನಿಜವಾಗಿ ನೋಡಿದ್ದು ಬಾಗಿಲಿಗೆ ಬೀಗ, ಉಳಿದದ್ದು ಊಹೆ. ಮಾತಾಡುವಾಗ ಊಹೆ, ಕೇಳಿಕೆ, ನೋಟ ಎಲ್ಲಾ ಒಂದೇ ಬಣ್ಣಕ್ಕೆ ತಿರುಗಿಬಿಡುತ್ತವೆ. ನಾಲ್ಕು ದಿನ ನಿಮ್ಮ ಮಾತನ್ನೇ ಗಮನಿಸಿ. “ನೋಡಿದೆ” ಎಂದು ಹೇಳುವುದರಲ್ಲಿ ಎಷ್ಟು ನಿಜವಾಗಿ ಕೇಳಿದ್ದು ಎಂದು ಗೊತ್ತಾದರೆ ಆಶ್ಚರ್ಯವಾಗುತ್ತದೆ.

ಬೆಂಡೆಕಾಯಿ ಸಂದೇಶ ಬಂದದ್ದು ಮೂರನೇ ದಾರಿಯಲ್ಲಿ, ಬರೀ ಕೇಳಿಕೆ. ಹಾಗೆಂದು ಅದು ಸುಳ್ಳು ಎಂದಾಗುವುದಿಲ್ಲ. ನಿಮ್ಮ ಹುಟ್ಟಿದ ದಿನವೂ ಅದೇ ದಾರಿಯಲ್ಲಿ ಬಂದದ್ದು ಅಲ್ವಾ? ಈಗ ಹೇಳಿದವರನ್ನು ನೋಡಬೇಕು.

ಹೆಜ್ಜೆ 3: ಹೇಳಿದವರನ್ನು ತೂಗಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ನನ್ನ ಪ್ರಕಾರ ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ.

ನೈಯಾಯಿಕರ ಮೂಲಗ್ರಂಥವಾದ ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದ ವಾತ್ಸ್ಯಾಯನ ಬೇರೆ) ಯಾರ ಮಾತು ಪ್ರಮಾಣ ಎಂದು ಬಹಳ ಸರಳವಾಗಿ ಹೇಳಿದ್ದಾನೆ. ವಿಷಯವನ್ನು ತಾನೇ ನೇರವಾಗಿ ತಿಳಿದಿರಬೇಕು. ತಿಳಿದದ್ದನ್ನು ತಿಳಿದಂತೆಯೇ ಹೇಳುವ ಮನಸ್ಸಿರಬೇಕು. ಹೇಳಲು ಬರಬೇಕು. ಅಂಥವನೇ ಆಪ್ತ. ಅಲ್ಲಿಗೇ ನಿಲ್ಲಿಸದೆ ಇನ್ನೊಂದು ಮಾತು ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಒಂದೇ. ಹುಟ್ಟು, ಪದವಿ, ವೇಷ ಯಾವುದೂ ಲೆಕ್ಕಕ್ಕಿಲ್ಲ. ಅಷ್ಟು ಹಿಂದೆಯೇ ಇದನ್ನು ಬರೆದಿಟ್ಟರಲ್ಲ ಎಂದು ನನಗೆ ಪ್ರತಿ ಸಲ ಓದಿದಾಗಲೂ ಖುಷಿಯಾಗುತ್ತದೆ.

ನಮ್ಮಲ್ಲಿ ಎಷ್ಟೋ ಜನರಿಗೆ ಶಾಲೆಯ ದಾಖಲೆಯಲ್ಲಿ ಒಂದು ಜನ್ಮದಿನ, ಮನೆಯಲ್ಲಿ ಹೇಳುವುದು ಇನ್ನೊಂದು. ದಾಖಲೆಗೆ ಮುದ್ರೆ ಇದೆ, ಅಮ್ಮನ ಮಾತಿಗೆ ಇಲ್ಲ. ಆದರೂ ಅಮ್ಮ ಅಲ್ಲಿದ್ದವಳು, ಸುಳ್ಳು ಹೇಳಲು ಅವಳಿಗೆ ಕಾರಣವಿಲ್ಲ. ಶಾಲೆಯಲ್ಲಿ ಬರೆದುಕೊಂಡವರಿಗೆ ಮಗುವನ್ನು ಒಂದನೇ ತರಗತಿಗೆ ಸೇರಿಸಲು ವಯಸ್ಸು ಹೊಂದಬೇಕಿತ್ತು. ವಾತ್ಸ್ಯಾಯನನ ಅಳತೆಯಲ್ಲಿ ಇಲ್ಲಿ ಆಪ್ತಳು ಅಮ್ಮನೇ.

ಅದೇ ಅಳತೆಯನ್ನು ಸಂದೇಶಕ್ಕೆ ಹಚ್ಚಿ. “ಅಮೆರಿಕದ ವಿಜ್ಞಾನಿಗಳು” ಯಾರು? ಹೆಸರಿಲ್ಲ, ಊರಿಲ್ಲ, ಸಂಸ್ಥೆಯಿಲ್ಲ, ವರ್ಷವಿಲ್ಲ. ಅವರು ನೇರವಾಗಿ ತಿಳಿದವರೋ ಅಲ್ಲವೋ ಎಂದು ನೋಡಲು ನಮಗೆ ಹಿಡಿತವೇ ಇಲ್ಲ. ನಿಮಗೆ ಕಳಿಸಿದ ಚಿಕ್ಕಪ್ಪ ಒಳ್ಳೆಯವರು, ಸುಳ್ಳು ಹೇಳುವವರಲ್ಲ. ಆದರೆ ಆಪ್ತನ ಮೊದಲ ಲಕ್ಷಣ ಅವರಲ್ಲಿ ಇಲ್ಲ, ಈ ವಿಷಯ ಅವರಿಗೆ ನೇರವಾಗಿ ಗೊತ್ತಿಲ್ಲ. ಒಳ್ಳೆಯತನವನ್ನೂ ತಿಳಿವಳಿಕೆಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ಇಡಬೇಕು. ಹಾಗೆ ಇಟ್ಟರೆ ಚಿಕ್ಕಪ್ಪನಿಗೆ ಅಗೌರವ ಆಗುವುದೂ ಇಲ್ಲ.

ಇನ್ನು ಹತ್ತು ಗುಂಪುಗಳಲ್ಲಿ ಅದೇ ಸಂದೇಶ ಬಂದರೆ? ಹತ್ತು ಜನ ಹೇಳಿದ್ದು ಸುಳ್ಳಾಗುತ್ತಾ ಎನಿಸುತ್ತದೆ. ಹತ್ತು ಜನ ಬೇರೆ ಬೇರೆ ನಿಂತು ನೋಡಿದ್ದರೆ ಅದು ಹತ್ತು ಸಾಕ್ಷಿ. ಒಬ್ಬನಿಂದ ಕೇಳಿ ಹತ್ತು ಜನ ಹೇಳಿದರೆ ಅದು ಒಂದೇ ಸಾಕ್ಷಿ.

ಬೆಂಗಳೂರು ಇದನ್ನು 2012ರ ಆಗಸ್ಟಿನಲ್ಲಿ ನೋಡಿದೆ. ಅಸ್ಸಾಮಿನ ಕೊಕ್ರಝಾರ್ ಕಡೆ ಜುಲೈನಲ್ಲಿ ದೊಡ್ಡ ಗಲಭೆಯಾಗಿತ್ತು. ಅದಾದ ಮೇಲೆ, ರಂಜಾನ್ ಮುಗಿದ ಕೂಡಲೇ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ನಡೆಯುತ್ತದೆ ಎಂಬ ಸುದ್ದಿ ಎಸ್‌ಎಂಎಸ್‌ಗಳಲ್ಲಿ ಹಬ್ಬಿತು. ಸ್ವಾತಂತ್ರ್ಯ ದಿನದಿಂದ ಮುಂದಿನ ಮೂರ್ನಾಲ್ಕು ದಿನ ಸಾವಿರಾರು ಜನ ಸಿಟಿ ರೈಲ್ವೆ ನಿಲ್ದಾಣದಲ್ಲಿ ಗಂಟುಮೂಟೆ ಹಿಡಿದು ನಿಂತರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನ ಒಟ್ಟೊಟ್ಟಿಗೆ ಎಸ್‌ಎಂಎಸ್ ಕಳಿಸುವುದನ್ನು ನಿಲ್ಲಿಸಿ, ಒಮ್ಮೆಗೆ ಐದೇ ಎಂದು ಮಿತಿ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ನಮ್ಮ ರಾಜ್ಯವೂ ಸೇರಿದಂತೆ ಹಲವೆಡೆ ಅಮಾಯಕರು ಸತ್ತ ಮೇಲೆ ವಾಟ್ಸ್ಆ್ಯಪ್ ಕೂಡ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದಿತು.

2012ರಲ್ಲಿ ಊರು ಬಿಟ್ಟವರನ್ನು ನಾನು ಮೂಢರು ಎನ್ನುವುದಿಲ್ಲ. ಅವರ ನಾಡಿನಲ್ಲಿ ನಿಜವಾಗಿ ರಕ್ತ ಹರಿದಿತ್ತು. ಇಲ್ಲಿ ಅವರಿಗೆ ಆಸರೆಯಾಗಿ ನಿಲ್ಲುವ ನೆಂಟರು ಕಡಿಮೆ. ಅಪಾಯ ನೂರಕ್ಕೆ ಎರಡೇ ಇದ್ದರೂ ಜೀವದ ಪ್ರಶ್ನೆ ಬಂದಾಗ ರೈಲು ಹತ್ತುವುದು ಸರಿಯಾದ ತೀರ್ಮಾನವೇ ಆಗಬಹುದು. ಆದರೆ ಹೊರಡುವುದು ಬೇರೆ, ಹರಡುವುದು ಬೇರೆ. ಹೊರಡಲು ಅನುಮಾನವೇ ಸಾಕು. ನಿಜವೆಂಬಂತೆ ಇನ್ನೊಬ್ಬರಿಗೆ ಕಳಿಸಲು ಅಷ್ಟು ಸಾಲದು, ಮೂಲದವರೆಗೆ ಹೋಗಬೇಕು. ಹೋಗಲಾಗದಿದ್ದರೆ ಕೈ ತಡೆಯಬೇಕು.

ಮಾಡಬೇಕಾದದ್ದು: “ನಿಮಗೆ ಯಾರು ಹೇಳಿದ್ರು, ಅವರು ನೋಡಿದ್ರಾ?” ಈ ಒಂದು ಪ್ರಶ್ನೆಯನ್ನು ಸರಪಳಿಯಲ್ಲಿ ಎರಡು ಕೊಂಡಿ ಹಿಂದಕ್ಕೆ ಕೇಳಿ. ಹೆಚ್ಚಿನ ಗಾಳಿಸುದ್ದಿಗಳು ಎರಡನೇ ಕೊಂಡಿಯಲ್ಲೇ ಕಳಚಿಕೊಳ್ಳುತ್ತವೆ. ಅಲ್ಲಿಂದ ಹಿಂದಕ್ಕೆ ಬರೀ ಅಂತೆ ಕಂತೆ.

ಹೆಜ್ಜೆ 4: “ನಮ್ಮ ಭಾವನಿಗೆ ವಾಸಿ ಆಯ್ತು” ಎಂದಾಗ

ಈಗ ಸಾಕ್ಷಿ ಹತ್ತಿರ ಬಂತು. ಭಾವ ಇದೇ ಊರಿನವರು, ಬೆಂಡೆಕಾಯಿ ನೀರು ಕುಡಿದರು, ಶುಗರ್ 180 ಇದ್ದದ್ದು 150ಕ್ಕೆ ಬಂತು. ಕಣ್ಣೆದುರಿನ ಮಾತು. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ನೆ ಹೇಳಲಿಲ್ಲ.

ಮೊದಲು ಮಾಪಕವನ್ನೇ ನೋಡಿ. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ನೂರಕ್ಕೆ ಹದಿನೈದರಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಟ್ಟಿದೆ. ನಿಜವಾದ ಮಟ್ಟ 165 ಇದ್ದರೆ ಯಂತ್ರ 150 ಎಂದರೂ ಸರಿ, 180 ಎಂದರೂ ಸರಿ. ಅಂದರೆ ಭಾವನ ರಕ್ತದಲ್ಲಿ ಏನೂ ಬದಲಾಗದೆಯೂ ಈ ಎರಡು ಅಂಕಿ ಬರಬಹುದು. ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಇದಕ್ಕಿಂತ ಗಟ್ಟಿ ಸಾಕ್ಷಿ.

ಎರಡನೆಯದು, ಭಾವ ಈ ನೀರು ಶುರು ಮಾಡಿದ್ದು ಯಾವಾಗ? ಸಾಮಾನ್ಯವಾಗಿ ಯಾರಾದರೂ ಹೊಸ ಮದ್ದು ಹಿಡಿಯುವುದು ಅಂಕಿ ತೀರಾ ಮೇಲೆ ಹೋಗಿ ಹೆದರಿದಾಗ. ದಿನದಿಂದ ದಿನಕ್ಕೆ ಏರಿಳಿಯುವ ಯಾವುದೇ ಅಂಕಿ ತುಂಬಾ ಮೇಲೆ ಹೋದ ಮೇಲೆ ತಾನಾಗಿಯೇ ಸ್ವಲ್ಪ ಕೆಳಗೆ ಬರುವುದೇ ಹೆಚ್ಚು. ಆಗ ಏನು ಕುಡಿದಿದ್ದರೂ ಅದಕ್ಕೇ ಹೆಸರು ಬರುತ್ತದೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಎನ್ನುತ್ತೇವಲ್ಲ, ಅದೇ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆಯಿಲ್ಲ ಎಂದು ನೈಯಾಯಿಕರು ತೋರಿಸಿದರು. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಈ ಮರೆಯಲ್ಲಿರುವ ಕಾರಣಕ್ಕೆ ಅವರು ಉಪಾಧಿ ಎಂದು ಹೆಸರಿಟ್ಟರು. ಭಾವನ ಕತೆಯಲ್ಲಿ ಹಸಿ ಸೌದೆ ಯಾವುದು? ಕೇಳಿ ನೋಡಿ. ಬೆಂಡೆಕಾಯಿ ನೀರು ಶುರು ಮಾಡಿದ ವಾರವೇ ಬೆಳಗಿನ ವಾಕಿಂಗ್ ಶುರುವಾಗಿರುತ್ತದೆ. ರಾತ್ರಿ ಅನ್ನ ಬಿಟ್ಟು ಒಂದು ಚಪಾತಿಗೆ ಬಂದಿರುತ್ತಾರೆ. ಕಾಫಿಗೆ ಸಕ್ಕರೆ ನಿಂತಿರುತ್ತದೆ. ಮಾತ್ರೆಯೂ ನಡೆದೇ ಇರುತ್ತದೆ. ಇಳಿಸಿದ್ದು ಇವುಗಳಲ್ಲಿ ಯಾವುದು?

ನಾಲ್ಕನೆಯದು, ಉಳಿದವರೆಲ್ಲಿ? ನೀರು ಕುಡಿದು ಇಳಿದವರು ಮಾತಾಡುತ್ತಾರೆ. ಕುಡಿದೂ ಇಳಿಯದವರು ಸುಮ್ಮನೆ ಬಿಟ್ಟುಬಿಡುತ್ತಾರೆ, ಅವರು ಸಂದೇಶ ಕಳಿಸುವುದಿಲ್ಲ. ಕುಡಿಯದೆಯೂ ಇಳಿದವರನ್ನು ಯಾರೂ ಕೇಳುವುದಿಲ್ಲ. ಈ ಮೂರೂ ಗುಂಪನ್ನು ಪಕ್ಕಪಕ್ಕ ಇಡದೆ ಏನೂ ತಿಳಿಯದು. ಹೀಗೆ ಪಕ್ಕಪಕ್ಕ ಇಟ್ಟು ನೋಡಿದವರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನ ಹೆಸರು ದೊಡ್ಡದು. 1747ರಲ್ಲಿ ಸಾಲಿಸ್‌ಬರಿ ಎಂಬ ಬ್ರಿಟಿಷ್ ಹಡಗಿನಲ್ಲಿ, ಸ್ಕರ್ವಿಯಿಂದ ವಸಡು ಕೊಳೆಯುತ್ತಿದ್ದ 12 ನಾವಿಕರನ್ನು ಆರಿಸಿ ಎರಡೆರಡು ಜನರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಊಟ ಒಂದೇ, ಮದ್ದು ಮಾತ್ರ ಬೇರೆ: ಸೇಬಿನ ಮದ್ಯ, ಗಂಧಕಾಮ್ಲದ ಹನಿ, ವಿನಿಗರ್, ಸಮುದ್ರದ ನೀರು, ಕಿತ್ತಳೆ ಮತ್ತು ನಿಂಬೆ, ಬೆಳ್ಳುಳ್ಳಿ ಸಾಸಿವೆ ಸೇರಿಸಿ ಅರೆದ ಉಂಡೆ. ಕಿತ್ತಳೆ ನಿಂಬೆ ತಿಂದ ಇಬ್ಬರು ಬೇಗ ಎದ್ದರು, ಒಬ್ಬ ಆರು ದಿನದಲ್ಲಿ ಕೆಲಸಕ್ಕೂ ಮರಳಿದ. ಉಳಿದ ಐದು ಜೋಡಿ ಪಕ್ಕದಲ್ಲಿ ಇದ್ದದ್ದರಿಂದಲೇ ಆ ಇಬ್ಬರು ಎದ್ದದ್ದಕ್ಕೆ ಅರ್ಥ ಬಂತು. ಅವರಿಬ್ಬರೇ ಇದ್ದಿದ್ದರೆ ಅದೂ ಇನ್ನೊಂದು ಭಾವನ ಕತೆ.

ಹೆಜ್ಜೆ 5: ಬೆಂಕಿಯಿಲ್ಲದೆ ಹೊಗೆಯಾಡುತ್ತಾ?

ಗಾಳಿಮಾತಿನ ಪರ ವಹಿಸುವವರು ಯಾವಾಗಲೂ ಕೇಳುವ ಪ್ರಶ್ನೆ ಇದು. ಎಂಟನೇ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಧರ್ಮೋತ್ತರ ಎಂಬ ಬೌದ್ಧ ತಾರ್ಕಿಕ ಇದಕ್ಕೆ ಒಂದು ಸೊಗಸಾದ ಕತೆ ಕೊಟ್ಟಿದ್ದಾನೆ. ಮಾಂಸ ಸುಡಲು ಯಾರೋ ಈಗಷ್ಟೇ ಬೆಂಕಿ ಹಚ್ಚಿದ್ದಾರೆ. ಹೊಗೆ ಇನ್ನೂ ಎದ್ದಿಲ್ಲ. ಮಾಂಸದ ವಾಸನೆಗೆ ನೊಣಗಳು ಗುಂಪುಗುಂಪಾಗಿ ಮುತ್ತಿವೆ. ದೂರದಲ್ಲಿ ಬರುತ್ತಿರುವವನು ಆ ಕಪ್ಪು ಗುಂಪನ್ನು ಹೊಗೆ ಎಂದುಕೊಂಡು “ಅಲ್ಲಿ ಬೆಂಕಿ ಇದೆ” ಎನ್ನುತ್ತಾನೆ. ಅವನು ಹೇಳಿದ್ದು ನಿಜ, ಅವನ ಬಳಿ ಕಾರಣವೂ ಇದೆ. ಆದರೂ ಅವನಿಗೆ ಗೊತ್ತಿತ್ತು ಎನ್ನಬಹುದೇ?

1963ರಲ್ಲಿ ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ಮೂರು ಪುಟದ ಲೇಖನದಲ್ಲಿ ಇದೇ ಬಗೆಯ ಉದಾಹರಣೆ ಕೊಟ್ಟ. ನಂಬಿಕೆ ಇದೆ, ಅದು ನಿಜ, ಅದಕ್ಕೆ ಕಾರಣವೂ ಇದೆ ಎಂದರೆ ಅಷ್ಟಕ್ಕೇ ಅದು ಜ್ಞಾನ ಆಗುವುದಿಲ್ಲ ಎಂದು ತೋರಿಸಿದ. ಆಮೇಲೆ ಈ ಪ್ರಶ್ನೆಗೆ ಉತ್ತರ ಹುಡುಕಿ ಬರೆದ ಲೇಖನಗಳಿಗೆ ಲೆಕ್ಕವಿಲ್ಲ.

ಪುಸ್ತಕದ ಹೊರಗೆ ಇದು ನಮಗೆ ಎಲ್ಲಿ ಬೇಕಾಗುತ್ತದೆ? “ನಾನು ಹೇಳಿದ್ದು ನಿಜ ಆಯ್ತಲ್ಲ” ಎನ್ನುವಲ್ಲಿ. ಒಬ್ಬರು ಯಾವುದೋ ಷೇರು ಏರುತ್ತದೆ ಎಂದರು, ಏರಿತು. ಶಕುನ ನೋಡಿ ಮಳೆ ಬರುತ್ತದೆ ಎಂದರು, ಬಂತು. ಫಲ ಸರಿಯಾಯಿತು ಎಂದ ಮಾತ್ರಕ್ಕೆ ದಾರಿ ಸರಿಯಿತ್ತು ಎಂದಾಗದು. ಮುಂದಿನ ಸಲ ಅದೇ ದಾರಿ ನಂಬಿದರೆ ನೊಣದ ಗುಂಪಿನ ಕೆಳಗೆ ಬೆಂಕಿ ಇರದೇ ಹೋಗಬಹುದು.

ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಇದರ ನೀತಿಯ ಮುಖವನ್ನು ತೋರಿಸಿದ. ಹಡಗಿನ ಮಾಲೀಕನೊಬ್ಬನಿಗೆ ತನ್ನ ಹಡಗು ಹಳೆಯದಾಗಿದೆ, ರಿಪೇರಿ ಬೇಕು ಎಂಬ ಅನುಮಾನ ಇದೆ. ರಿಪೇರಿಗೆ ಖರ್ಚು ಜಾಸ್ತಿ. ಇಷ್ಟು ವರ್ಷ ಏನೂ ಆಗಿಲ್ಲ, ದೇವರಿದ್ದಾನೆ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ತಪ್ಪಿತಸ್ಥ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಕ್ಲಿಫರ್ಡ್ ಮುಂದೆ ಹೋಗಿ, ಹಡಗು ಸುಖವಾಗಿ ದಡ ಸೇರಿದ್ದರೂ ಅವನು ಅಷ್ಟೇ ತಪ್ಪಿತಸ್ಥ ಎನ್ನುತ್ತಾನೆ. ಪರೀಕ್ಷಿಸದೆ ನಂಬುವ ಹಕ್ಕು ಅವನಿಗಿರಲಿಲ್ಲ. ನಾನು ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಇನ್ನೊಬ್ಬರ ಜೀವ ನಮ್ಮ ನಂಬಿಕೆಯ ಮೇಲೆ ನಿಂತಾಗಲಂತೂ ಖಂಡಿತ.

ಹೆಜ್ಜೆ 6: ಕಾಣದಿರುವುದನ್ನೂ ಓದಿ

ಮೇಜಿನ ಮೇಲೆ ಚೊಂಬು ಇಲ್ಲ ಎಂದು ಹೇಗೆ ಗೊತ್ತು? ಕಾಣಲಿಲ್ಲ, ಅದಕ್ಕೇ. ಭಾಟ್ಟ ಮೀಮಾಂಸಕರು ಇದನ್ನೂ ತಿಳಿವಳಿಕೆಯ ಒಂದು ದಾರಿ ಎಂದರು. ಅದಕ್ಕೆ ಒಂದು ಷರತ್ತು ಇದೆ. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿದ್ದರೆ ಮಾತ್ರ ಕಾಣದಿರುವುದು ಸಾಕ್ಷಿಯಾಗುತ್ತದೆ. ಬೆಳಕಿರುವ ಕೋಣೆಯಲ್ಲಿ ಚೊಂಬು ಕಾಣದಿದ್ದರೆ ಅದು ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಹೇಳಲಾಗದು.

ಇದನ್ನು ಮೂರನೇ ಮಾತಿಗೆ, ಕಾಯಿಲೆಯೇ ವಾಸಿಯಾಗುತ್ತದೆ ಎಂಬ ಮಾತಿಗೆ ಹಚ್ಚಿ ನೋಡಿ. ಅದು ನಿಜವಾಗಿದ್ದರೆ ಏನೇನು ಕಾಣಬೇಕಿತ್ತು? ಇನ್ಸುಲಿನ್ ಕತೆ ನಮಗೆ ಗೊತ್ತು. 1921ರಲ್ಲಿ ಟೊರಾಂಟೊದಲ್ಲಿ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಸಾಯುವ ಹಂತದಲ್ಲಿದ್ದ 14 ವರ್ಷದ ಹುಡುಗನಿಗೆ ಕೊಟ್ಟರು. 1923ರಲ್ಲಿ ಅದಕ್ಕೆ ನೊಬೆಲ್ ಬಂತು. ಕೆಲಸ ಮಾಡುವ ಮದ್ದು ಎಲ್ಲೆಡೆ ಗುರುತು ಬಿಡುತ್ತದೆ. ಬೆಂಡೆಕಾಯಿ ನಮ್ಮ ದೇಶದ ಮನೆಮನೆಯಲ್ಲೂ ಇದೆ, ಶುಗರ್ ಇರುವವರು ಕೋಟಿಗಟ್ಟಲೆ ಇದ್ದಾರೆ. ಅದು ಕಾಯಿಲೆಯನ್ನೇ ಕಳೆಯುವಂತಿದ್ದರೆ ಆಸ್ಪತ್ರೆಗಳ ಸಾಲು ಕರಗಬೇಕಿತ್ತು. ಬೆಳಕಿರುವ ಕೋಣೆ ಇದು.

“ಔಷಧ ಕಂಪನಿಗಳು ಮುಚ್ಚಿಟ್ಟಿವೆ” ಎಂಬ ಉತ್ತರ ಬರುತ್ತದೆ. ಕಂಪನಿಗಳು ಲಾಭ ನೋಡುತ್ತವೆ, ನಿಜ. ಆದರೆ ಗಿಡದಲ್ಲಿ ಗುಣ ಕಂಡರೆ ಅವು ಮುಚ್ಚಿಡುವುದಕ್ಕಿಂತ ಮಾತ್ರೆ ಮಾಡಿ ಮಾರುವುದೇ ಹೆಚ್ಚು. ಇವತ್ತು ಶುಗರ್‌ಗೆ ಎಲ್ಲರೂ ನುಂಗುವ ಮೆಟ್‌ಫಾರ್ಮಿನ್‌ನ ಮೂಲ ಯುರೋಪಿನ ಗೆಲೆಗಾ ಎಂಬ ಗಿಡದಲ್ಲಿದೆ. ಮಲೇರಿಯಾಕ್ಕೆ ಕೊಡುವ ಆರ್ಟಿಮಿಸಿನಿನ್ ಚೀನಾದ ಒಂದು ಗಿಡದಿಂದ ಬಂತು, ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಅದನ್ನು ಹುಡುಕಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಮನೆಮದ್ದಿನ ಬಗ್ಗೆ ತಾತ್ಸಾರ ಬೇಡ. ಪರೀಕ್ಷೆಗೆ ಇಟ್ಟಾಗ ಗೆದ್ದ ಮನೆಮದ್ದು ಮದ್ದೇ ಆಗುತ್ತದೆ.

ಹೆಜ್ಜೆ 7: ಮೊದಲೇ ಎಷ್ಟು ಸಾಧ್ಯ ಇತ್ತು ಎಂದು ನೋಡಿ

ಇದನ್ನು ಲೆಕ್ಕದಲ್ಲೇ ಹೇಳುತ್ತೇನೆ. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ. ಕಾಯಿಲೆ ಇದ್ದವರನ್ನು ಪರೀಕ್ಷೆ ತಪ್ಪದೆ ಹಿಡಿಯುತ್ತದೆ, ಆದರೆ ಇಲ್ಲದವರಲ್ಲೂ ನೂರಕ್ಕೆ ಐದು ಮಂದಿಗೆ “ಇದೆ” ಎಂದು ತಪ್ಪು ಹೇಳುತ್ತದೆ. ನಿಮಗೆ “ಇದೆ” ಎಂದು ಬಂತು. ನಿಜವಾಗಿ ಇರುವ ಸಾಧ್ಯತೆ ಎಷ್ಟು? 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ಸೇರಿ 60 ಜನರಿಗೆ ಈ ಪ್ರಶ್ನೆ ಕೇಳಿದರು. ಎಲ್ಲಕ್ಕಿಂತ ಹೆಚ್ಚು ಸಲ ಬಂದ ಉತ್ತರ ನೂರಕ್ಕೆ 95. ಸರಿಯಾಗಿ ಹೇಳಿದವರು 11 ಮಂದಿ. ಸರಿ ಉತ್ತರ ನೂರಕ್ಕೆ ಎರಡು. ಸಾವಿರ ಜನರಲ್ಲಿ ನಿಜವಾದ ರೋಗಿ ಒಬ್ಬರು, ಸುಮ್ಮನೆ ಸಿಕ್ಕಿಬೀಳುವವರು ಸುಮಾರು ಐವತ್ತು. “ಇದೆ” ಎಂದು ಬಂದ ಐವತ್ತೊಂದರಲ್ಲಿ ಒಬ್ಬರಿಗಷ್ಟೇ ಇದೆ.

ಲಕ್ಷಣ ಕಂಡೇ ಪರೀಕ್ಷೆಗೆ ಹೋಗಿದ್ದರೆ ಲೆಕ್ಕ ಬೇರೆಯಾಗುತ್ತದೆ, ಆಗ ಮೊದಲಿನ ಸಾಧ್ಯತೆಯೇ ಜಾಸ್ತಿ. ಸಾಕ್ಷಿ ಎಷ್ಟು ಬಲವಾದದ್ದು ಎಂದು ಕೇಳುವಾಗ, ಸಾಕ್ಷಿ ಬರುವ ಮೊದಲು ಈ ವಿಷಯ ಎಷ್ಟು ಅಪರೂಪದ್ದು ಎಂದೂ ಕೇಳಬೇಕು. ಅಪರೂಪದ ಮಾತಿಗೆ ಸಾಧಾರಣ ಸಾಕ್ಷಿ ಸಾಲದು.

ಹೆಜ್ಜೆ 8: ಬೇರೆ ಉತ್ತರಗಳಿಗೆ ಜಾಗವಿಲ್ಲದ ಪರೀಕ್ಷೆ ಹುಡುಕಿ

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ಮಾಡಿದರು. ಅವರು ಭೌತವಿಜ್ಞಾನಿ. ಸತ್ಯಸಾಯಿ ಬಾಬಾ ಅವರಿಗೆ, ಸಮಿತಿಯ ಎದುರು ಪವಾಡ ತೋರಿಸಬೇಕೆಂದು ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಉಂಗುರ, ವಿಭೂತಿಯ ಬದಲು ಒಂದು ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಮಾತು ಆಗ ಮನೆಮಾತಾಗಿತ್ತು.

ಕುಂಬಳಕಾಯಿಯೇ ಏಕೆ? ಅಂಗೈಯಲ್ಲಿ, ತೋಳಿನ ಮಡಿಕೆಯಲ್ಲಿ ಅಡಗುವುದಿಲ್ಲ. ಉಂಗುರ ಬಂದರೆ ಎರಡು ವಿವರಣೆಗೆ ಜಾಗವಿದೆ: ಪವಾಡ, ಇಲ್ಲವೇ ಕೈಚಳಕ. ಕುಂಬಳಕಾಯಿ ಬಂದರೆ ಎರಡನೆಯದು ಬಿದ್ದುಹೋಗುತ್ತದೆ. ಒಳ್ಳೆಯ ಪರೀಕ್ಷೆಯ ಗುಟ್ಟು ಇಲ್ಲಿದೆ. ಮಾತು ಸುಳ್ಳಾಗಿದ್ದರೂ ಇದೇ ಫಲ ಬರುತ್ತಿತ್ತೇ ಎಂದು ಪರೀಕ್ಷೆಗೆ ಮೊದಲೇ ಕೇಳಿಕೊಳ್ಳಿ. ಬರುತ್ತಿತ್ತು ಎಂದಾದರೆ ಆ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಏನಾದರೆ ನಂಬುತ್ತೇನೆ, ಏನಾದರೆ ಬಿಡುತ್ತೇನೆ ಎಂಬುದನ್ನೂ ಮುಂಚೆಯೇ ಬರೆದಿಡಿ. ಫಲ ಬಂದ ಮೇಲೆ ಬರೆಯಲು ಕೂತರೆ ಮನಸ್ಸು ತನಗೆ ಬೇಕಾದಂತೆ ಗೆರೆ ಎಳೆಯುತ್ತದೆ.

ಹೆಜ್ಜೆ 9: ಎಷ್ಟು ನಂಬಬೇಕೋ ಅಷ್ಟೇ ನಂಬಿ

ಹೌದು, ಇಲ್ಲ ಎಂಬ ಎರಡೇ ಮನೆ ಇಟ್ಟುಕೊಂಡರೆ ಕಷ್ಟ. ಜೈನರು ಪ್ರತಿ ಮಾತಿನ ಮೊದಲೂ ಸ್ಯಾತ್ ಎಂದು ಸೇರಿಸಿದರು, ಒಂದು ದೃಷ್ಟಿಯಿಂದ ನೋಡಿದರೆ ಹೀಗೆ ಎಂದು. ಇದು ಏನನ್ನೂ ಹೇಳದೆ ಜಾರಿಕೊಳ್ಳುವ ದಾರಿಯಲ್ಲ, ಯಾವ ಕಡೆಯಿಂದ ನೋಡಿ ಹೇಳುತ್ತಿದ್ದೇನೆ ಎಂದು ಒಪ್ಪಿಕೊಳ್ಳುವ ದಾರಿ. ನಾವು ಅಂಕಿಯಲ್ಲೇ ಹೇಳಬಹುದು. ಬೆಂಡೆಕಾಯಿ ನೀರಿನಿಂದ ಸಕ್ಕರೆ ಸ್ವಲ್ಪ ಇಳಿಯಬಹುದು ಎಂಬುದಕ್ಕೆ ನಾನು ನೂರಕ್ಕೆ ಮೂವತ್ತೋ ನಲವತ್ತೋ ಕೊಟ್ಟೇನು. ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಒಂದೂ ಕೊಡಲಾರೆ.

ಎಲ್ಲವನ್ನೂ ಹೀಗೆ ಪರೀಕ್ಷಿಸುತ್ತಾ ಕೂತರೆ ಬದುಕು ಸಾಗುತ್ತಾ? ಸಾಗುವುದಿಲ್ಲ. ಇಲ್ಲೂ ಹಳೆಯ ಜಗಳವೊಂದು ನೆರವಿಗೆ ಬರುತ್ತದೆ. ಮೀಮಾಂಸಕರು, ತಿಳಿದದ್ದನ್ನು ನಿಜವೆಂದೇ ಹಿಡಿದು ನಡೆಯಿರಿ, ತಡೆಯುವ ಕಾರಣ ಎದುರಾದರೆ ಮಾತ್ರ ಬಿಡಿ ಎಂದರು. ನೈಯಾಯಿಕರು, ತಿಳಿವಳಿಕೆ ತನ್ನಷ್ಟಕ್ಕೇ ನಿಜವಾಗದು, ಅದರಂತೆ ನಡೆದು ಫಲ ಸಿಕ್ಕಿತೇ ಎಂದು ಹೊರಗಿನಿಂದ ನೋಡಬೇಕು ಎಂದರು. ನನ್ನ ಸಲಹೆ ಇಷ್ಟು: ಬಸ್ ಎಷ್ಟು ಗಂಟೆಗೆ, ಯಾವ ಹೋಟೆಲಿನ ದೋಸೆ ಚೆನ್ನಾಗಿದೆ ಎಂಬಲ್ಲಿ ಮೀಮಾಂಸಕರಾಗಿರಿ. ಔಷಧ, ಹಣ, ಮತ, ಇನ್ನೊಬ್ಬರ ಮಾನ, ಇನ್ನೊಂದು ಜಾತಿ ಧರ್ಮದವರ ಮೇಲಿನ ಆರೋಪ ಬಂದಲ್ಲಿ ನೈಯಾಯಿಕರಾಗಿ. ತಪ್ಪಾದರೆ ಬೆಲೆ ತೆರುವವರು ಯಾರು ಎಂದು ನೋಡಿದರೆ ಯಾವ ದಾರಿ ಹಿಡಿಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಹೆಜ್ಜೆ 10: ಮನೆಯವರ ಜೊತೆ ಮಾತಾಡುವಾಗ

ಇಷ್ಟೆಲ್ಲ ಕಲಿತು ಮನೆಯ ಗುಂಪಿನಲ್ಲಿ “ಇದೆಲ್ಲ ಸುಳ್ಳು, ಓದಿದವರಾಗಿ ಹೀಗೆ ಕಳಿಸ್ತೀರಲ್ಲ” ಎಂದು ಬರೆದರೆ ಕೆಲಸ ಕೆಟ್ಟಿತು. ಹಿರಿಯರು ಕಳಿಸುವುದು ಅಕ್ಕರೆಯಿಂದ. ಗುಂಪಿನಲ್ಲಿ ಬೇಡ, ಫೋನ್ ಮಾಡಿ.

“ದೊಡ್ಡಮ್ಮ, ಆ ಬೆಂಡೆಕಾಯಿದು ನಿಮಗೆ ಯಾರು ಕಳಿಸಿದ್ರು?”

“ನಮ್ಮ ಭಜನೆ ಗುಂಪಲ್ಲಿ ಬಂತಪ್ಪ. ಯಾಕೆ, ಒಳ್ಳೇದಲ್ವಾ?”

“ನೀರು ಕುಡೀರಿ ದೊಡ್ಡಮ್ಮ, ಅದರದ್ದೇನೂ ಇಲ್ಲ. ಮಾತ್ರೆ ಮಾತ್ರ ಬಿಟ್ಟಿಲ್ಲ ತಾನೆ?”

“ಒಂದು ವಾರದಿಂದ ರಾತ್ರಿದು ಬಿಟ್ಟಿದ್ದೆ.”

ಮುಖ್ಯವಾದ ವಿಷಯ ಹೊರಬಿದ್ದದ್ದು ಕೊನೆಯ ಸಾಲಿನಲ್ಲಿ. ಮೊದಲೇ ವಾದಕ್ಕೆ ಇಳಿದಿದ್ದರೆ ಅದು ಬರುತ್ತಲೇ ಇರಲಿಲ್ಲ. ಈಗ ಮಾತ್ರೆ ಮತ್ತೆ ಶುರು ಮಾಡಿಸಿ, ಡಾಕ್ಟರಿಗೆ ವಿಷಯ ತಿಳಿಸಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡೋಣ ಎಂದು ಅವರನ್ನೇ ಪರೀಕ್ಷೆಯ ಜೊತೆಗಾರರನ್ನಾಗಿ ಮಾಡಿಕೊಳ್ಳಿ. ವಾದಕ್ಕೆ ಒಪ್ಪದವರೂ ಅಂಕಿಗೆ ಒಪ್ಪುತ್ತಾರೆ.

ಇಂಥದ್ದೊಂದನ್ನು ನೀವೇ ಈಗಾಗಲೇ ಕಳಿಸಿಬಿಟ್ಟಿದ್ದರೆ, ಅಳಿಸಿ ಸುಮ್ಮನಾಗಬೇಡಿ. ಮೊದಲೇ ಓದಿದವರಿಗೆ ಏಕೆ ಅಳಿಸಿದಿರಿ ಎಂದು ತಿಳಿಯುವುದಿಲ್ಲ. ಅದೇ ಗುಂಪಿನಲ್ಲಿ, “ಮೊನ್ನೆ ನಾನು ಹಾಕಿದ್ದರ ಮೂಲ ಹುಡುಕಿದೆ, ಸಿಗಲಿಲ್ಲ. ಯಾರೂ ಮಾತ್ರೆ ಬಿಡಬೇಡಿ, ಮುಂದಕ್ಕೂ ಕಳಿಸಬೇಡಿ” ಎಂದು ಬರೆಯಿರಿ. ನಿಮ್ಮಿಂದ ಪಡೆದು ಬೇರೆ ಗುಂಪಿಗೆ ಕಳಿಸಿದವರು ಗೊತ್ತಿದ್ದರೆ ಅವರಿಗೆ ಬೇರೆಯಾಗಿ ಒಂದು ಫೋನ್ ಮಾಡಿ.